ರಕ್ಷಣೆಯ ಮರುದಿನ

ಹಾಡು ಮುಗಿದು ಢೋಲಕಿನ ಸದ್ದು ಅಡಗಿದ ಮೇಲೆ ಒಬ್ಬರು ಎದ್ದು ನಿಲ್ಲುತ್ತಾರೆ. ಹೆಸರು, ಊರು ಹೇಳಿ ಸಭೆಗೆ ವಂದನೆ ತಿಳಿಸುತ್ತಾರೆ. ಆಮೇಲೆ ತಾವು ಮೊದಲು ಹೇಗಿದ್ದೆವು ಎಂಬುದನ್ನು ಬಿಡಿಸಿ ಹೇಳುತ್ತಾರೆ: ಸೇಂದಿ, ಸಾರಾಯಿ, ಮಟ್ಕಾ, ಮನೆಯಲ್ಲಿ ಬಡಿದಾಟ, ತೀರದ ಸಾಲ, ಮಾಟಮಂತ್ರದ ಭಯ. ನಂತರ ಒಂದು ದಿನ, ಯಾರೋ ಮಾಡಿದ ಒಂದು ಪ್ರಾರ್ಥನೆ, ಎದೆಗೆ ನಾಟಿದ ಒಂದು ವಾಕ್ಯ. ಅಲ್ಲಿಂದ ಮುಂದೆ ಎಲ್ಲವೂ ‘ಈಗ’. ಈಗ ಕುಡಿತವಿಲ್ಲ, ಈಗ ಮನೆಯಲ್ಲಿ ಸಮಾಧಾನವಿದೆ. ಕೂತವರು ‘ಸ್ತೋತ್ರ’ ಎನ್ನುತ್ತಾರೆ, ಮುಂದಿನವರು ಏಳುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಪ್ರಾರ್ಥನೆ ಕೂಟಗಳಲ್ಲಿ ಸಾಕ್ಷಿ ಹೇಳುವ ರೂಢಿ ಸುಮಾರಾಗಿ ಹೀಗೆ. ಕೃಪೆ ಎಂದರೇನು, ರಕ್ಷಣೆ ಎಂದರೇನು, ಪಾಪದೊಡನೆ ಹೋರಾಡುವುದು ಹೇಗೆ ಎಂಬುದನ್ನು ಇಲ್ಲಿನ ವಿಶ್ವಾಸಿಗಳು ದೇವಶಾಸ್ತ್ರದ ಪುಸ್ತಕಗಳಿಂದ ಕಲಿತದ್ದು ಕಡಿಮೆ. ಇಂಥ ಸಾಕ್ಷಿಗಳಿಂದ ಕಲಿತದ್ದೇ ಹೆಚ್ಚು. ಹಾಗಾಗಿ ಸಾಕ್ಷಿಯ ಆಕಾರವೇ ಅವರ ಪಾಲಿಗೆ ಬೋಧನೆ. ಆ ಆಕಾರದಲ್ಲಿ ಒಂದು ದೊಡ್ಡ ಕೊರತೆಯಿದೆ ಎಂಬುದು ನನ್ನ ವಾದ. ಅದು ರಕ್ಷಣೆಯ ದಿನವನ್ನು ಹೇಳುತ್ತದೆ, ಮರುದಿನದ ಮಾತೆತ್ತುವುದಿಲ್ಲ. ನಂಬಿದ ಮೇಲೂ ಮನುಷ್ಯನಲ್ಲಿ ಉಳಿಯುವ ಪಾಪಕ್ಕೆ, ಎದ್ದವನು ಮತ್ತೆ ಬೀಳುವುದಕ್ಕೆ, ಬಿದ್ದವನನ್ನು ಕೃಪೆ ಮತ್ತೆ ಎತ್ತುವುದಕ್ಕೆ ಅದರಲ್ಲಿ ಮಾತಿಲ್ಲ. ಕ್ರೈಸ್ತ ಬೋಧನೆಯಲ್ಲಿ ಆ ಮಾತು ಇದೆ. ಈ ಸೀಮೆಗೆ ಸುವಾರ್ತೆ ತಂದ ಮೆಥೋಡಿಸ್ಟ್ ಪರಂಪರೆಯಲ್ಲಂತೂ ಧಾರಾಳವಾಗಿಯೇ ಇದೆ.

ಕೊರತೆ ಹೇಳುವ ಮೊದಲು ಸಾಕ್ಷಿ ಮಾಡಿದ ಉಪಕಾರವನ್ನು ಹೇಳಬೇಕು, ಏಕೆಂದರೆ ಅದು ಸಣ್ಣದಲ್ಲ. ಸುವಾರ್ತೆ ಈ ಸೀಮೆಗೆ ಬಂದ ಕಾಲದಿಂದಲೇ ಶುರುಮಾಡೋಣ. ವಾಡಿ–ಸಿಕಂದರಾಬಾದ್ ರೈಲು ಮಾರ್ಗ ತೆರೆದದ್ದು 1874ರಲ್ಲಿ. ನಿಜಾಮರ ಕಾಲದ ಆ ಹಳಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ಧಾರೂರು, ವಿಕಾರಾಬಾದ್‌ಗಳನ್ನು ಒಂದೇ ಸಾಲಿಗೆ ತಂದಿತು. 1870ರಲ್ಲಿ ಭಾರತಕ್ಕೆ ಬಂದ ಅಮೆರಿಕದ ಮೆಥೋಡಿಸ್ಟ್ ಬೋಧಕ ವಿಲಿಯಂ ಟೇಲರ್ ಮೊದಮೊದಲು ಇಂಗ್ಲಿಷ್ ಮಾತಾಡುವ ನೌಕರವರ್ಗದ ನಡುವೆ ಸಭೆಗಳನ್ನು ಕಟ್ಟಿದರು. ಅವರ ನಂತರದ ಮಿಷನರಿಗಳೂ ಸ್ಥಳೀಯ ಬೋಧಕರೂ ಬೀದರ್, ವಿಕಾರಾಬಾದ್, ಕಲಬುರಗಿ, ಯಾದಗಿರಿಯ ಹಳ್ಳಿಗಳಿಗೆ ಹೋದರು. ಅಲ್ಲಿ ಸುವಾರ್ತೆಗೆ ಓಗೊಟ್ಟವರಲ್ಲಿ ಬಹುಪಾಲು ಜನ ಮಾದಿಗ, ಹೊಲೆಯ ಸಮುದಾಯಗಳವರು. ಬಿಟ್ಟಿ ಚಾಕರಿಯಲ್ಲೇ ತಲೆಮಾರುಗಳನ್ನು ಸವೆಸಿದವರು, ಊರ ಚಾವಡಿಯ ಮುಂದೆ ದನಿಯೆತ್ತುವ ಹಕ್ಕಿಲ್ಲದವರು. ಅಂಥ ಮನುಷ್ಯ ನಾಲ್ಕು ಜನರ ಎದುರು ನಿಂತು ‘ನಾನು’ ಎಂದು ಶುರುಮಾಡಿ ತನ್ನ ಬದುಕಿನ ಕಥೆಯನ್ನು ತಾನೇ ಹೇಳಿದ್ದು, ಅದನ್ನು ಉಳಿದವರು ಕಿವಿಗೊಟ್ಟು ಕೇಳಿದ್ದು ಈ ನೆಲದ ಮಟ್ಟಿಗೆ ದೊಡ್ಡ ಘಟನೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ. ಪ್ರತಿ ವರ್ಷ ನವೆಂಬರಿನಲ್ಲಿ ಧಾರೂರಿನಲ್ಲಿ ಮೆಥೋಡಿಸ್ಟರ ಜಾತ್ರೆ ನಡೆಯುತ್ತದೆ. 1920ರ ದಶಕದಿಂದ ನಡೆದುಬಂದಿರುವ ಆ ಜಾತ್ರೆಗೆ ಕರ್ನಾಟಕ–ತೆಲಂಗಾಣ ಗಡಿಯ ಎರಡೂ ಕಡೆಯ ಜನ ಸೇರುವುದು, ಕನ್ನಡ ತೆಲುಗು ಎರಡರಲ್ಲೂ ದೇವರನ್ನು ಕೂಗುವುದು, ತಮ್ಮ ಬದುಕಿನಲ್ಲಿ ದೇವರು ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದು, ಇವೆಲ್ಲ ಆ ಉಪಕಾರದ ಮುಂದುವರಿಕೆ. ಸಾಕ್ಷಿಯನ್ನು ಬಿಟ್ಟುಬಿಡಿ ಎಂದು ಹೇಳುವವರಿಗೆ ಈ ಚರಿತ್ರೆ ಗೊತ್ತಿಲ್ಲ.

ಆದರೆ ಎರಡೇ ಭಾಗಗಳ ಈ ಕಥೆ ವರ್ಷಗಟ್ಟಲೆ ಪುನರಾವರ್ತನೆಯಾದಾಗ ಕೇಳುವವರ ಮನಸ್ಸಿನಲ್ಲಿ ಒಂದು ಲೆಕ್ಕ ಕೂರುತ್ತದೆ. ರಕ್ಷಣೆ ಹೊಂದಿದವನು ಗೆದ್ದವನು. ಗೆಲ್ಲದವನು ರಕ್ಷಣೆಯನ್ನೇ ಹೊಂದಿಲ್ಲ. ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸಗಾರನೊಬ್ಬ ದೀಕ್ಷಾಸ್ನಾನ ಪಡೆದು ಕುಡಿತ ಬಿಟ್ಟ ಎನ್ನೋಣ. ಎರಡು ವರ್ಷದ ಮೇಲೆ, ಕೆಲಸ ಹೋದ ಒಂದು ವಾರದಲ್ಲಿ, ಅವನು ಮತ್ತೆ ಕುಡಿಯುತ್ತಾನೆ. ಅವನ ಮುಂದೆ ಈಗ ಇರುವುದು ಎರಡು ದಾರಿ. ಒಂದು, ಮುಚ್ಚಿಟ್ಟುಕೊಂಡು ಹಳೆಯ ಸಾಕ್ಷಿಯನ್ನೇ ಹೇಳುತ್ತ ಹೋಗುವುದು. ಇನ್ನೊಂದು, ಸಭೆಗೆ ಬರುವುದನ್ನೇ ನಿಲ್ಲಿಸುವುದು. ಮೊದಲನೆಯದನ್ನು ಹಿಡಿದರೆ ಅವನು ಸುಳ್ಳಿನಲ್ಲಿ ಬದುಕುತ್ತಾನೆ, ಎರಡನೆಯದನ್ನು ಹಿಡಿದರೆ ಅವನಿಗೆ ‘ಹಿಂಜಾರಿದವನು’ ಎಂಬ ಹೆಸರು ಬರುತ್ತದೆ. ಮೂರನೆಯ ದಾರಿ, ಎಂದರೆ ಬಿದ್ದೆ ಎಂದು ಹೇಳಿ ಅದೇ ಜನರ ನಡುವೆ ಉಳಿಯುವುದು, ರೂಢಿಯಲ್ಲಿಲ್ಲ. ಇದರ ಜೊತೆಗೆ ಕಾಯಿಲೆಯ ಪ್ರಶ್ನೆ ಸೇರಿಕೊಳ್ಳುತ್ತದೆ. ಪ್ರಾರ್ಥನೆಯಿಂದ ವಾಸಿಯಾದ ಸಾಕ್ಷಿಗಳನ್ನು ಮಾತ್ರ ಕೇಳಿದ ಸಭೆ ವಾಸಿಯಾಗದವಳ ಕಡೆ ತಿರುಗಿ, ನಿನ್ನಲ್ಲಿ ಏನೋ ಪಾಪ ಉಳಿದಿರಬೇಕು ಎನ್ನುತ್ತದೆ, ಬಾಯಲ್ಲಲ್ಲದಿದ್ದರೆ ಕಣ್ಣಿನಲ್ಲಿ. ಹುಟ್ಟು ಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ ಯೇಸು ಆ ಲೆಕ್ಕವನ್ನೇ ತಳ್ಳಿಹಾಕಿದ್ದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಪೌಲ ತನ್ನ ಶರೀರದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಮುಳ್ಳು ಹೋಗದೆ ಕೃಪೆ ಸಿಕ್ಕ ಸಾಕ್ಷಿಯನ್ನು ನಮ್ಮ ಕೂಟಗಳಲ್ಲಿ ಯಾರು ಹೇಳಿಯಾರು? ಹೇಳಿದರೆ ಅದಕ್ಕೆ ‘ಸ್ತೋತ್ರ’ ಎನ್ನಲು ಸಭೆಗೆ ಅಭ್ಯಾಸವಿಲ್ಲ.

ಮೆಥೋಡಿಸ್ಟ್ ಪಂಥಕ್ಕೆ ಕಾರಣರಾದ ಜಾನ್ ವೆಸ್ಲಿಯ ಬದುಕಿನಲ್ಲೂ ಒಂದು ದೊಡ್ಡ ದಿನವಿದೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಒಬ್ಬರು ಓದುತ್ತಿದ್ದಾಗ, ತನ್ನ ಪಾಪವನ್ನೇ ಕ್ರಿಸ್ತನು ತೆಗೆದುಹಾಕಿದ್ದಾನೆ ಎಂಬ ಭರವಸೆ ಅವರಿಗೆ ಬಂತು. ಆ ಸಂಜೆಯ ಕಥೆಯನ್ನು ಮೆಥೋಡಿಸ್ಟರು ಇಂದಿಗೂ ಹೇಳುತ್ತಾರೆ, ಹೇಳಬೇಕಾದ್ದೇ. ಹೇಳದೆ ಬಿಟ್ಟಿರುವುದು ಮುಂದಿನ ಭಾಗ. ಆ ಸಂಜೆಯ ನಂತರದ ದಿನಗಳಲ್ಲಿ ತನಗೆ ಸಂದೇಹ, ಭಯ, ಶೋಧನೆ ಬಂದವೆಂದು ವೆಸ್ಲಿ ತಮ್ಮ ದಿನಚರಿಯಲ್ಲಿ ಬರೆದಿಟ್ಟರು. ಇಪ್ಪತ್ತೈದು ವರ್ಷಗಳ ಮೇಲೆ, 1763ರಲ್ಲಿ, ವಿಶ್ವಾಸಿಗಳಲ್ಲಿರುವ ಪಾಪ ಎಂಬ ವಿಷಯವನ್ನೇ ಹಿಡಿದು ಒಂದು ಪ್ರಸಂಗವನ್ನು ಪ್ರಕಟಿಸಿದರು. ನಂಬಿದ ಕ್ಷಣದಿಂದ ಮನುಷ್ಯನಲ್ಲಿ ಪಾಪವೇ ಇರುವುದಿಲ್ಲ ಎಂದು ಆಗ ಕೆಲವರು ಬೋಧಿಸುತ್ತಿದ್ದರು. ವೆಸ್ಲಿ ಅದಕ್ಕೆ ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯವನ್ನು ಎದುರಿಟ್ಟರು: ಶರೀರಭಾವಕ್ಕೂ ಆತ್ಮಕ್ಕೂ ನಡೆಯುವ ಜಗಳವನ್ನು ಪೌಲ ಹೇಳುತ್ತಿರುವುದು ಯಾರಿಗೆ? ಆಗಲೇ ನಂಬಿದವರಿಗೆ. ಕೊರಿಂಥದ ಸಭೆಯವರನ್ನು ಕ್ರಿಸ್ತನಲ್ಲಿ ಹಸುಗೂಸುಗಳು ಎಂದೂ ಹೊಟ್ಟೆಕಿಚ್ಚು ಜಗಳಗಳುಳ್ಳವರು ಎಂದೂ ಒಂದೇ ಉಸಿರಿನಲ್ಲಿ ಕರೆದಿದ್ದಾನಲ್ಲ, ಅವರು ಕ್ರಿಸ್ತನವರಲ್ಲವೇ? ವೆಸ್ಲಿಯ ತೀರ್ಮಾನ ಇಷ್ಟು: ನಂಬಿದವನ ಮೇಲೆ ಪಾಪಕ್ಕೆ ಆಳ್ವಿಕೆಯಿಲ್ಲ, ಆದರೆ ಅವನೊಳಗೆ ಅದರ ವಾಸ ಮುಗಿದಿಲ್ಲ. ಕೆಲವು ವರ್ಷಗಳ ನಂತರದ ಇನ್ನೊಂದು ಪ್ರಸಂಗದಲ್ಲಿ ವಿಶ್ವಾಸಿಗಳಿಗೂ ಪಶ್ಚಾತ್ತಾಪ ಬೇಕು, ಬದುಕಿನುದ್ದಕ್ಕೂ ಬೇಕು ಎಂದರು.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಬಿಟ್ಟರೆ ವಾದ ದುರ್ಬಲವಾಗುತ್ತದೆ. ಪಾಪದೊಡನೆ ಹೋರಾಟ ಎಂದಕೂಡಲೇ ಎಲ್ಲರೂ ತೆರೆಯುವುದು ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯವನ್ನು. ಒಳ್ಳೆಯದನ್ನು ಮಾಡಲು ಬಯಸಿಯೂ ಕೆಟ್ಟದ್ದನ್ನೇ ಮಾಡುವವನ ಸಂಕಟ ಅಲ್ಲಿದೆ. ಆ ಮಾತು ವಿಶ್ವಾಸಿಯದೋ, ಇನ್ನೂ ಧರ್ಮಶಾಸ್ತ್ರದ ಅಡಿಯಲ್ಲಿ ನರಳುವವನದೋ ಎಂಬುದು ಹಳೆಯ ಚರ್ಚೆ. ಅಗಸ್ಟೀನ್ ಮೊದಲು ಒಂದು ಬಗೆಯಾಗಿ ಓದಿ ಆಮೇಲೆ ಮನಸ್ಸು ಬದಲಿಸಿದ. ಲೂಥರ್, ಕಾಲ್ವಿನ್ ಅದನ್ನು ವಿಶ್ವಾಸಿಯ ಮಾತೆಂದೇ ಹಿಡಿದರು. ವೆಸ್ಲಿ ಹಾಗೆ ಹಿಡಿಯಲಿಲ್ಲ. ಆದ್ದರಿಂದ ಆ ಅಧ್ಯಾಯ ನಮಗೆ ಸಂಬಂಧಿಸಿದ್ದಲ್ಲ, ನಾವು 8ನೆಯ ಅಧ್ಯಾಯದ ಜನ ಎಂದು ಹೇಳುವ ಬೋಧಕರಿಗೆ ವೆಸ್ಲಿಯ ಬೆಂಬಲ ಇದ್ದಂತೆ ಕಾಣುತ್ತದೆ. ಆದರೆ 7ನೆಯ ಅಧ್ಯಾಯವನ್ನು ಅವರಿಗೇ ಬಿಟ್ಟುಕೊಟ್ಟರೂ ಗಲಾತ್ಯ, ಕೊರಿಂಥ ಪತ್ರಿಕೆಗಳ ಸಾಕ್ಷ್ಯ ಅಲುಗುವುದಿಲ್ಲ, ಮತ್ತು ಅದನ್ನು ಮುಂದಿಟ್ಟವರು ವೆಸ್ಲಿಯೇ. ಕ್ರೈಸ್ತನು ಈ ಬದುಕಿನಲ್ಲೇ ಪ್ರೀತಿಯಲ್ಲಿ ಪರಿಪೂರ್ಣನಾಗಬಲ್ಲ ಎಂದು ಬೋಧಿಸಿದವರೂ ಅವರೇ ಎಂಬುದು ನಿಜ. 1766ರಲ್ಲಿ ಆ ಬೋಧನೆಯ ವಿವರವಾದ ಪುಸ್ತಕವನ್ನೂ ಹೊರತಂದರು. ಆದರೆ ಆ ಸ್ಥಿತಿ ತನಗೆ ದಕ್ಕಿದೆ ಎಂದು ಅವರು ಸಭೆಯ ಮುಂದೆ ಎಂದೂ ಸಾಕ್ಷಿ ಹೇಳಲಿಲ್ಲ. ಅತಿ ಎತ್ತರದ ಗುರಿಯನ್ನು ಬೋಧಿಸಿದವರು ತಮ್ಮನ್ನು ಗುರಿ ಮುಟ್ಟಿದವರ ಸಾಲಿಗೆ ಸೇರಿಸಿಕೊಳ್ಳಲಿಲ್ಲ. ಇದರಲ್ಲಿರುವ ಪ್ರಾಮಾಣಿಕತೆಯನ್ನು ನಮ್ಮ ಪ್ರಸಂಗಪೀಠಗಳು ಕಲಿತರೆ ಎಷ್ಟೋ ಜನರ ಎದೆಭಾರ ಇಳಿದೀತು.

ವೆಸ್ಲಿ ಬೋಧಿಸಿ ಸುಮ್ಮನಾಗಲಿಲ್ಲ, ಮರುದಿನಕ್ಕೆ ಬೇಕಾದ ಏರ್ಪಾಟನ್ನೂ ಮಾಡಿದರು. 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸದಸ್ಯರನ್ನು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿ ವಸೂಲಿಗೆ ಒಬ್ಬೊಬ್ಬ ನಾಯಕನನ್ನು ನೇಮಿಸಲಾಯಿತು. ಹಣಕ್ಕಾಗಿ ಮನೆಮನೆಗೆ ಹೋದ ನಾಯಕರಿಗೆ ಆ ಮನೆಗಳ ನಿಜ ಸ್ಥಿತಿ ಕಣ್ಣಿಗೆ ಬಿತ್ತು. ವಸೂಲಿಯ ಗುಂಪು ಆತ್ಮಗಳ ಆರೈಕೆಯ ಗುಂಪಾಯಿತು. ಅದಕ್ಕೂ ಮುಂಚೆ, 1738ರ ಡಿಸೆಂಬರಿನಲ್ಲೇ, ಇನ್ನೂ ಚಿಕ್ಕ ಕೂಟಗಳಿಗೆ ನಿಯಮ ಬರೆದಾಗಿತ್ತು. ಗಂಡಸರು ಹೆಂಗಸರು ಬೇರೆ, ಮದುವೆಯಾದವರು ಆಗದವರು ಬೇರೆ. ಅಲ್ಲಿ ಪ್ರತಿ ವಾರ ಕೇಳುತ್ತಿದ್ದ ಪ್ರಶ್ನೆಗಳ ಸಾರ ಹೀಗಿದೆ: ಹೋದ ಸಾರಿ ಕೂಡಿದ ಮೇಲೆ ಗೊತ್ತಿದ್ದೂ ಮಾಡಿದ ಪಾಪ ಯಾವುದು, ಎದುರಾದ ಶೋಧನೆ ಯಾವುದು, ಅದರಿಂದ ಹೇಗೆ ಪಾರಾದೆ, ಪಾಪವೋ ಅಲ್ಲವೋ ಎಂಬ ಅನುಮಾನ ಉಳಿದ ನಡೆನುಡಿ ಯಾವುದು. ಈ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವವರು ದಾರಿ ತಪ್ಪಿದವರಲ್ಲ, ಪಾಪಕ್ಷಮೆಯ ಭರವಸೆ ಹೊಂದಿದವರು. ಎಂದರೆ ರಕ್ಷಣೆ ಹೊಂದಿದವನು ಮುಂದಿನ ವಾರ ಹೇಳಿಕೊಳ್ಳಬೇಕಾದ ಪಾಪವೊಂದನ್ನು ಹೊತ್ತು ಬರುತ್ತಾನೆ ಎಂಬುದನ್ನು ಆ ನಿಯಮ ಮೊದಲೇ ಎಣಿಸಿತ್ತು. ಮೆಥೋಡಿಸ್ಟ್ ಬಿಷಪ್ ಜೆ. ವಾಸ್ಕಮ್ ಪಿಕೆಟ್ ಭಾರತದ ಸಾಮೂಹಿಕ ಮತಾಂತರಗಳನ್ನು ಅಧ್ಯಯನ ಮಾಡಿ 1933ರಲ್ಲಿ ಬರೆದ ಪುಸ್ತಕವೂ ಇದೇ ಕಡೆ ಬೆರಳು ತೋರುತ್ತದೆ. ಜನ ಯಾವ ಉದ್ದೇಶದಿಂದ ಸಭೆಗೆ ಬಂದರು ಎಂಬುದಕ್ಕಿಂತ, ಬಂದ ಮೇಲೆ ಅವರಿಗೆ ಎಂಥ ಬೋಧನೆ, ಎಂಥ ಆರಾಧನೆ, ಎಂಥ ಆರೈಕೆ ಸಿಕ್ಕಿತು ಎಂಬುದೇ ಅವರ ಕ್ರೈಸ್ತ ಬದುಕನ್ನು ರೂಪಿಸಿತು ಎಂಬುದು ಅದರ ಮುಖ್ಯ ನಿರ್ಣಯಗಳಲ್ಲೊಂದು. ಸಾಕ್ಷಿಯ ರೂಢಿ ಉಳಿದು ಚಿಕ್ಕ ಕೂಟದ ರೂಢಿ ಕಳಚಿದಾಗ ಬಾಗಿಲು ಉಳಿಯಿತು, ಮನೆ ಹೋಯಿತು. ಕಥೋಲಿಕರಲ್ಲಿ ಪಾಪನಿವೇದನೆಯ ಸಂಸ್ಕಾರ ಇರುವುದರಿಂದ, 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯದ ಸಭೆಗಳಿಗೆ ಈ ಕೊರತೆ ಇದೇ ರೂಪದಲ್ಲಿ ತಟ್ಟುವುದಿಲ್ಲ. ಪ್ರೊಟೆಸ್ಟೆಂಟರು ಆ ಸಂಸ್ಕಾರ ಬೇಡವೆಂದರು. ಅದರ ಜಾಗದಲ್ಲಿ ತಮ್ಮ ಹಿರಿಯರೇ ಕಟ್ಟಿದ್ದನ್ನೂ ಕಳೆದುಕೊಂಡರು.

ಇನ್ನು ಪಾಪದ ಪಟ್ಟಿ. ಸಾಕ್ಷಿಗಳಲ್ಲಿ ಬರುವ ಪಾಪಗಳು ಕುಡಿತ, ಜೂಜು, ಹಾದರ, ವಿಗ್ರಹಪೂಜೆ; ಹೆಚ್ಚುಕಡಿಮೆ ಎಲ್ಲವೂ ಬಡವನ ಮೈಗೆ ಅಂಟಿಸಬಹುದಾದವು. 1743ರಲ್ಲಿ ವೆಸ್ಲಿ ತಮ್ಮ ಸಂಘಗಳಿಗೆ ಹಾಕಿಕೊಟ್ಟ ಸಾಮಾನ್ಯ ನಿಯಮಗಳಲ್ಲೂ ಕುಡಿತ ಇದೆ. ಆದರೆ ಅದರ ಜೊತೆಗೆ ಅನ್ಯಾಯದ ಬಡ್ಡಿ ಕೊಡುವುದು ತೆಗೆದುಕೊಳ್ಳುವುದು, ತೀರಿಸುವ ದಾರಿಯಿಲ್ಲದೆ ಸಾಲ ಎತ್ತುವುದು, ಸುಂಕ ತಪ್ಪಿಸಿದ ಮಾಲನ್ನು ಕೊಳ್ಳುವುದು ಮಾರುವುದು, ಚಿನ್ನದ ಡೌಲು, ಬೆನ್ನ ಹಿಂದಿನ ಕೆಟ್ಟ ಮಾತು ಎಲ್ಲವೂ ಇವೆ. ಈ ಪಟ್ಟಿಯನ್ನು ಇಲ್ಲಿಗೆ ತಂದರೆ ಪ್ರಸಂಗದ ದಿಕ್ಕೇ ಬದಲಾಗುತ್ತದೆ. ತೊಗರಿ ಬೆಳೆಗೆ ಮುಂಗಡ ಕೊಟ್ಟು ರಾಶಿಯ ಹೊತ್ತಿಗೆ ರೈತನ ಕೈ ಬರಿದು ಮಾಡುವ ಬಡ್ಡಿಗೆ ಏನೆನ್ನಬೇಕು? ಶಹಾಬಾದ್ ಕಲ್ಲಿನ ಗಣಿಗಳಲ್ಲಿ ದೂಳು ಕುಡಿದು ದುಡಿಯುವವನ ಎದೆಗೂಡಿನ ಹೊಣೆ ಯಾರದು? ವಾಡಿ, ಮಳಖೇಡ, ಸೇಡಂ ಕಾರ್ಖಾನೆಗಳ ಸುತ್ತಲಿನ ಗುತ್ತಿಗೆ ಕೆಲಸದಲ್ಲಿ ಕೂಲಿಗೆ ಕತ್ತರಿ ಹಾಕುವ ಮಧ್ಯವರ್ತಿ ಭಾನುವಾರ ಸಭೆಯ ಮುಂದಿನ ಸಾಲಿನಲ್ಲಿ ಕೂತರೆ ಅವನ ಸಾಕ್ಷಿ ಏನಾಗಿರಬೇಕು? ಒಂದೇ ಯೇಸುವನ್ನು ನಂಬಿದ ಎರಡು ಕೇರಿಗಳ ನಡುವೆ ಹೆಣ್ಣು ಕೊಟ್ಟು ತರುವ ಮಾತು ಬಂದಾಗ ಎದ್ದು ನಿಲ್ಲುವ ಜಾತಿಗೆ ಪಶ್ಚಾತ್ತಾಪ ಬೇಡವೇ? ಪಾಪವೆಂದರೆ ಬಾಟಲಿ ಎಂದು ಕಲಿತ ಸಭೆ ಇವುಗಳನ್ನು ಪಾಪವೆಂದು ಗುರುತಿಸಲಾರದು.

ಇದಕ್ಕೆ ವಿರುದ್ಧವಾದ ಅನ್ಯಾಯವೂ ನಡೆಯುತ್ತದೆ: ಒಬ್ಬನ ಪಾಪವಲ್ಲದ್ದನ್ನು ಅವನ ತಲೆಗೆ ಕಟ್ಟುವುದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೆಯಿತು, ಕ್ರೈಸ್ತರಿಗೂ ಮುಸ್ಲಿಮರಿಗೂ ತೆರೆಯಲಿಲ್ಲ. ಹಾಗಾಗಿ ಮನೆಯಲ್ಲಿ ಬೈಬಲ್, ಕಾಗದದಲ್ಲಿ ಹಳೆಯ ಧರ್ಮ ಎಂಬ ಸ್ಥಿತಿಯಲ್ಲಿ ಬದುಕುವ ಕುಟುಂಬಗಳಿವೆ. ಮಗಳ ಹಾಸ್ಟೆಲ್ ಸೀಟಿಗಾಗಿ ಹೆಸರನ್ನು ಹಾಗೇ ಉಳಿಸಿಕೊಂಡ ತಾಯಿಗೆ, ಎರಡು ದೋಣಿಯಲ್ಲಿ ಕಾಲಿಟ್ಟವಳು, ಕ್ರಿಸ್ತನನ್ನು ಜನರ ಮುಂದೆ ಅಲ್ಲಗಳೆದವಳು ಎಂದು ವೇದಿಕೆಯಿಂದ ಹೇಳುವುದು ಸುಲಭ. ಬಾವಿ, ಹೋಟೆಲು, ಬಾಡಿಗೆ ಮನೆಗಳಲ್ಲಿ ಜಾತಿ ಅವಳನ್ನು ಬಿಟ್ಟಿಲ್ಲ. ಜಾತಿಯ ಪರಿಹಾರ ಮಾತ್ರ ಅವಳನ್ನು ಬಿಡಬೇಕೆಂದು ಕಾನೂನು ಹೇಳಿದೆ. ಆ ಇಕ್ಕಟ್ಟನ್ನು ಹೊತ್ತವಳ ಮುಂದೆ ಕೃಪೆಯ ಬೋಧಕ ಮೊದಲು ಆಡಬೇಕಾದ್ದು ಗದರಿಕೆಯ ಮಾತಲ್ಲ. ಸತ್ಯ ಹೇಳುವ ಹೊಣೆ ಅವಳಿಗಿದೆ, ಒಪ್ಪೋಣ. ಸತ್ಯ ಹೇಳಿದರೆ ಅನ್ನ ಹೋಗುವ ಸ್ಥಿತಿಯನ್ನು ಕಟ್ಟಿದವರ ಪಾಪದ ಬಗ್ಗೆಯೂ ಅದೇ ವೇದಿಕೆ ಮಾತಾಡಬೇಕು.

ಹೀಗೆ ಬಿದ್ದವರಿಗೆಲ್ಲ ಜಾಗ ಕೊಡುತ್ತ ಹೋದರೆ ಜನ ಧೈರ್ಯವಾಗಿ ಪಾಪ ಮಾಡುವುದಿಲ್ಲವೇ ಎಂಬುದು ಮೊದಲ ಆಕ್ಷೇಪಣೆ. ಪೌಲನಿಗೂ ಇದೇ ಪ್ರಶ್ನೆ ಎದುರಾಗಿತ್ತು. ಕೃಪೆ ಹೆಚ್ಚಲೆಂದು ಪಾಪದಲ್ಲೇ ಇರೋಣವೇ ಎಂಬ ಮಾತನ್ನೆತ್ತಿ ಅದನ್ನು ಅಲ್ಲಿಗೇ ಕತ್ತರಿಸಿದ. ನನಗೆ ಮುಖ್ಯವೆನಿಸುವುದು ಇನ್ನೊಂದು: ಪೌಲನ ಕೃಪೆಯ ಬೋಧನೆ ಇಂಥ ಅನುಮಾನ ಹುಟ್ಟುವಷ್ಟು ಧಾರಾಳವಾಗಿತ್ತು. ಯಾರಿಗೂ ಈ ಅನುಮಾನವೇ ಬಾರದಂತೆ ಕೃಪೆಯನ್ನು ಬೋಧಿಸುವವನು ಪೌಲನಿಗಿಂತ ಬಿಗಿಯಾದ ಏನನ್ನೋ ಬೋಧಿಸುತ್ತಿದ್ದಾನೆ. ಆದರೆ ಈ ಆಕ್ಷೇಪಣೆಯ ಹಿಂದೆ ಒಂದು ನಿಜವಾದ ನೋವಿದೆ, ಅದು ಹೆಣ್ಣುಮಕ್ಕಳದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಗಂಡ ಕುಡಿತ ಬಿಟ್ಟ ದಿನವೇ ಹೊಡೆತ ನಿಂತ ಮನೆಯಲ್ಲಿ ಆ ಹೆಂಡತಿಗೆ ‘ಆಗ’ ಮತ್ತು ‘ಈಗ’ ಎಂಬ ಗೆರೆ ಜೀವದ ಗೆರೆ. ಅದನ್ನು ಸಡಿಲಿಸಬೇಡಿ ಎಂದು ಅವಳು ಕೇಳಿದರೆ ಅವಳ ಮಾತೇ ಸರಿ. ಆದ್ದರಿಂದ ಸ್ಪಷ್ಟವಾಗಿ ಹೇಳಬೇಕು: ಬಿದ್ದವನಿಗೆ ಸಭೆಯಲ್ಲಿ ಜಾಗವಿರಬೇಕು ಎಂದರೆ ಹೊಡೆದವನನ್ನು ಹೆಂಡತಿ ಮತ್ತೆ ಮನೆಗೆ ಸೇರಿಸಿಕೊಳ್ಳಲೇಬೇಕು ಎಂದಲ್ಲ. ದೇವರ ಕ್ಷಮೆಯನ್ನು ತೋರಿಸಿ ಅವಳಿಂದ ಸಹನೆಯನ್ನು ವಸೂಲಿ ಮಾಡುವ ಹಿರಿಯರು ಕೃಪೆಯನ್ನು ಹೊಡೆಯುವ ಕೈಗೆ ಆಸರೆ ಮಾಡುತ್ತಿದ್ದಾರೆ. ವಾರವಾರವೂ ನೇರವಾಗಿ ಕೇಳುವ ನಾಲ್ಕು ಜನರ ಕೂಟ ಇದ್ದಿದ್ದರೆ ಮೊದಲ ಗ್ಲಾಸಿನಲ್ಲೇ ಗೊತ್ತಾಗುತ್ತಿತ್ತು, ಮೊದಲ ಏಟಿನವರೆಗೆ ಕಾಯಬೇಕಾಗಿರಲಿಲ್ಲ.

ಇನ್ನೊಂದು ಆಕ್ಷೇಪಣೆ ಹೊರಗಿನಿಂದ ಬರುತ್ತದೆ. ಪಾಪ, ಅಪರಾಧಭಾವ, ನಿವೇದನೆ ಇವೆಲ್ಲ ಮಿಷನರಿಗಳು ತಂದು ಹೇರಿದ ಸರಕು, ಈ ನೆಲದ ಮನಸ್ಸಿಗೆ ಸೇರಿದ್ದಲ್ಲ ಎನ್ನುತ್ತಾರೆ. ಹಾಗೆನ್ನುವವರು ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಒಮ್ಮೆ ಹೋಗಿ ಬರಬೇಕು. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಆ ಊರಿನಲ್ಲಿ ನೇಮಿನಾಥ ಬಸದಿಯಿದೆ. ದಿನದ ತಪ್ಪುಗಳನ್ನು ನೆನೆದು ಹಿಂದೆಗೆಯುವ ಪ್ರತಿಕ್ರಮಣ ಜೈನರ ನಿತ್ಯ ಕರ್ತವ್ಯ, ಅಲ್ಲಿ ಕರ್ಮವನ್ನು ಆತ್ಮ ತಾನೇ ಸವೆಸಬೇಕು, ಕೈ ಹಿಡಿದು ದಾಟಿಸುವ ದೇವರಿಲ್ಲ. ಅದೇ ಊರಿನ ಉತ್ತರಾದಿ ಮಠದಲ್ಲಿ ಟೀಕಾಚಾರ್ಯ ಜಯತೀರ್ಥರ ಹೆಸರಿನಲ್ಲಿ ಬೃಂದಾವನ ಪೂಜೆಗೊಳ್ಳುತ್ತದೆ. ಅವರ ದ್ವೈತ ಸಿದ್ಧಾಂತದಲ್ಲಿ ಜ್ಞಾನ ಭಕ್ತಿಗಳೆಲ್ಲ ಇದ್ದರೂ ಕೊನೆಗೆ ಬಿಡುಗಡೆ ಆಗುವುದು ವಿಷ್ಣುವಿನ ಪ್ರಸಾದದಿಂದಲೇ. ಕಲಬುರಗಿಯ ಖಾಜಾ ಬಂದೇ ನವಾಜರ ಸೂಫಿ ಪಂಥದಲ್ಲಿ ತೌಬಾ ಮೊದಲ ಮೆಟ್ಟಿಲು, ಮತ್ತೆ ಮತ್ತೆ ಹತ್ತುವ ಮೆಟ್ಟಿಲು. ಎಲ್ಲಕ್ಕಿಂತ ಮುಖ್ಯವಾಗಿ ಶರಣರಿದ್ದಾರೆ. ಬಸವಣ್ಣನವರ ವಚನಗಳಲ್ಲಿ ತನ್ನ ಮನಸ್ಸಿನ ಚಂಚಲತೆಯನ್ನು, ತನ್ನ ಡಂಬವನ್ನು, ನುಡಿಗೂ ನಡೆಗೂ ಬಿದ್ದ ಬಿರುಕನ್ನು ಹೇಳಿಕೊಂಡು ಕೂಡಲಸಂಗಮದೇವನ ಮುಂದೆ ಕುಸಿಯುವವನು ಯಾರು? ಇನ್ನೂ ಭಕ್ತನಾಗದವನಲ್ಲ, ಭಕ್ತನೇ. ಭಕ್ತನು ತನ್ನ ಕೇಡನ್ನು ತಾನೇ ಆಡಿಕೊಳ್ಳುವುದು ಈ ನಾಡಿನಲ್ಲಿ ಸೋಲಿನ ಗುರುತಾಗಿಲ್ಲ, ಭಕ್ತಿ ಪಕ್ವವಾದುದರ ಗುರುತಾಗಿದೆ. ಶರಣಬಸವೇಶ್ವರ ಜಾತ್ರೆಯ ಊರಾದ ಕಲಬುರಗಿಯ ಕಿವಿಗೆ ಇದು ಹೊಸದಲ್ಲ. ನಂಬಿದ ಮೇಲೂ ನಡೆಯುವ ಒಳಜಗಳವನ್ನು ಕೇಳಿ ಗೌರವಿಸುವುದನ್ನು ಇಲ್ಲಿನ ಕ್ರೈಸ್ತರು ಹೊರದೇಶದಿಂದ 18ನೆಯ ಶತಮಾನದ ಪುಸ್ತಕ ತರಿಸಿಯೇ ಕಲಿಯಬೇಕಾಗಿಲ್ಲ. ಸಿದ್ಧಾಂತಗಳ ನಡುವೆ ಭೇದ ದೊಡ್ಡದು, ಅದನ್ನು ಮಸುಕು ಮಾಡುವುದು ಬೇಡ: ಕ್ರೈಸ್ತನಿಗೆ ಕೃಪೆ ಎಂಬುದು ಶಿಲುಬೆಗೇರಿದ ಒಬ್ಬ ಮನುಷ್ಯನ ದೇಹದಲ್ಲಿ ಚರಿತ್ರೆಯ ಒಂದು ದಿನ ನಡೆದ ಸಂಗತಿ. ಆದರೆ ಕೃಪೆ ಬೇಕಾದವನ ಬಾಯಿಯಲ್ಲಿ ಬರುವ ಮಾತು ಈ ನೆಲದಲ್ಲಿ ಆಗಲೇ ಇತ್ತು.

ಚಿಕ್ಕ ಊರಿನಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬ ಆಕ್ಷೇಪಣೆ ಮಾತ್ರ ನನಗೆ ನಿಜಕ್ಕೂ ಕಠಿಣವಾಗಿ ಕಾಣುತ್ತದೆ. ಚಿಂಚೋಳಿ ತಾಲ್ಲೂಕಿನ ಒಂದು ತಾಂಡಾದಲ್ಲಿ ಹತ್ತು ಮನೆಯ ಸಭೆಯಿದ್ದರೆ ಹತ್ತೂ ಮನೆ ನೆಂಟರದೇ. ಅಲ್ಲಿ ಒಬ್ಬಳು ತನ್ನ ಪಾಪವನ್ನು ಹೇಳಿಕೊಂಡರೆ ಅದು ನಾಳೆ ಮಗಳ ಮದುವೆಗೆ ಅಡ್ಡ ಬರಬಹುದು, ನಾಡಿದ್ದು ಪಾಸ್ಟರರ ಬಾಯಲ್ಲಿ ಪ್ರಸಂಗದ ಉದಾಹರಣೆಯಾಗಬಹುದು. ಎರಡನೆಯದು ಕ್ಷಮಿಸಲಾಗದ ದ್ರೋಹ. ಇದಕ್ಕೆ ಪೂರ್ತಿ ಪರಿಹಾರ ಇದೆ ಎಂದು ನಾನು ಹೇಳಲಾರೆ. ವೆಸ್ಲಿಯ ಚಿಕ್ಕ ಕೂಟಗಳು ಗಂಡು ಹೆಣ್ಣು, ಮದುವೆಯಾದವರು ಆಗದವರು ಎಂದು ಬೇರೆಯಾಗಿ ಕೂರುತ್ತಿದ್ದುದರ ವಿವೇಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಪಕ್ಕದ ಊರಿನ ಸಭೆಯ ಒಬ್ಬ ಹಿರಿಯಳ ಮುಂದೆ ಹೇಳಿಕೊಳ್ಳುವ ಏರ್ಪಾಟಾಗಬಹುದು. ಎಲ್ಲಕ್ಕೂ ಮೊದಲು ಸಭಾಪಾಲಕರೇ ತಮ್ಮ ಹೋರಾಟವನ್ನು ಹೇಳಿಕೊಳ್ಳಲು ಕಲಿಯಬೇಕು, ವಿವರಗಳ ಪ್ರದರ್ಶನವಿಲ್ಲದೆ. ಕುರಿಗಳು ಮಾತ್ರ ದಾರಿ ತಪ್ಪುತ್ತವೆ ಎಂಬ ಭಾವನೆ ಇರುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಮನೆಗಳಲ್ಲಿ ಮಧ್ಯಾಹ್ನ ಸೇರುವ ಹೆಂಗಸರ ಉಪವಾಸ ಪ್ರಾರ್ಥನೆಗಳಲ್ಲಿ ಇದು ಅಷ್ಟಿಷ್ಟು ಆಗಲೇ ನಡೆಯುತ್ತದೆ. ಬಾಗಿಲು ಮುಂದೆ ಮಾಡಿಕೊಂಡು, ಮೈಕಿಲ್ಲದೆ, ಒಬ್ಬರ ಕೈ ಒಬ್ಬರು ಹಿಡಿದು. ಸಭೆಯ ಆಡಳಿತ ಅದನ್ನು ಹೆಂಗಸರ ವಿಷಯವೆಂದು ಬದಿಗಿಟ್ಟಿದೆ. ಗಂಡಸರಿಗೆ ಅಂಥದೊಂದು ಕೋಣೆಯೂ ಇಲ್ಲ.

ಬಿದ್ದವನಿಗೆ ಸಭೆ ಏನು ಕೊಡಬೇಕು ಎಂಬುದು ಕೊನೆಗೆ ಕರ್ತನ ಭೋಜನದಲ್ಲಿ ತೀರ್ಮಾನವಾಗುತ್ತದೆ. ಈ ವಾರ ಎಡವಿದೆ, ಆದ್ದರಿಂದ ರೊಟ್ಟಿ ಮುಟ್ಟುವುದಿಲ್ಲ ಎಂದು ಹಿಂದಿನ ಸಾಲಿನಲ್ಲೇ ಉಳಿಯುವವರಿದ್ದಾರೆ; ಅದೇ ಭಯಭಕ್ತಿ ಎಂದು ಅವರಿಗೆ ಕಲಿಸಲಾಗಿದೆ. ಇದೇ ಪ್ರಶ್ನೆ 1740ರಲ್ಲಿ ಲಂಡನ್ನಿನ ಸಂಘವನ್ನು ಒಡೆಯುವ ಮಟ್ಟಕ್ಕೆ ಹೋಗಿತ್ತು. ಪೂರ್ಣ ವಿಶ್ವಾಸ ಬರುವವರೆಗೆ ಭೋಜನಕ್ಕೆ ಬರದೆ ಸುಮ್ಮನೆ ಕಾಯಬೇಕು ಎಂದು ಒಂದು ಪಕ್ಷ ಹೇಳಿತು. ವೆಸ್ಲಿ ಒಪ್ಪಲಿಲ್ಲ. ಈ ಭೋಜನ ಆಗಲೇ ಗೆದ್ದವರಿಗೆ ಕೊಡುವ ಬಹುಮಾನವಲ್ಲ, ಮನುಷ್ಯನನ್ನು ತಿರುಗಿಸುವ, ತಡೆಯುವ, ಬಲಪಡಿಸುವ ಸಾಧನ; ಇದಕ್ಕೆ ಬರಲು ಬೇಕಾದ ಅರ್ಹತೆ ತನ್ನ ಪಾಪವನ್ನೂ ತನ್ನ ಅಸಹಾಯಕತೆಯನ್ನೂ ಬಲ್ಲವನಾಗಿರುವುದೇ ಎಂದು ವಾದಿಸಿದರು. ಅಯೋಗ್ಯವಾಗಿ ಉಣ್ಣುವವನ ಬಗ್ಗೆ ಪೌಲ ಕೊಟ್ಟ ಎಚ್ಚರಿಕೆಯನ್ನು ಇದಕ್ಕೆ ಎದುರಾಗಿ ಓದುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೆಯ ಅಧ್ಯಾಯವನ್ನು ಆ ವಾಕ್ಯಕ್ಕಿಂತ ಹತ್ತು ವಚನ ಹಿಂದಿನಿಂದ ಓದಿದರೆ ಪೌಲ ಯಾರ ಮೇಲೆ ಸಿಟ್ಟಾಗಿದ್ದಾನೆ ಎಂಬುದು ಕಾಣುತ್ತದೆ. ಉಳ್ಳವರು ಮೊದಲೇ ಬಂದು ಹೊಟ್ಟೆ ತುಂಬ ಉಂಡು ಕುಡಿಯುತ್ತಿದ್ದರು. ದುಡಿಮೆ ಮುಗಿಸಿ ತಡವಾಗಿ ಬಂದ ಬಡವರು ಹಸಿದೇ ಉಳಿಯುತ್ತಿದ್ದರು. ಇಲ್ಲದವರನ್ನು ಹೀಗೆ ನಾಚಿಸಿದ್ದೇ ಅಲ್ಲಿ ಅಯೋಗ್ಯತೆ. ಹಾಗಾದರೆ ಈ ಸೀಮೆಯ ಸಭೆಯಲ್ಲಿ ರೊಟ್ಟಿಯ ಮುಂದೆ ತನ್ನನ್ನು ಪರೀಕ್ಷಿಸಿಕೊಳ್ಳಬೇಕಾದವನು ಕೂಲಿ ಕತ್ತರಿಸಿದ ಮಧ್ಯವರ್ತಿ, ಬಡ್ಡಿಯವನು, ಇನ್ನೊಂದು ಕೇರಿಯ ಹೆಣ್ಣನ್ನು ಒಲ್ಲೆನೆಂದ ಹಿರಿಯ. ಕುಡಿತದೊಡನೆ ಹೋರಾಡಿ ಈ ವಾರ ಸೋತವನನ್ನು ಹಿಂದಿನ ಸಾಲಿನಿಂದ ಹೆಸರು ಹಿಡಿದು ಕರೆದು ರೊಟ್ಟಿ ಕೊಡಬೇಕು, ಮುಂದಿನ ವಾರ ಅವನ ಮನೆಗೆ ಹೋಗಬೇಕು.